ಟ್ರೆಬಿಜಾಂಡಿನ ಇಟಾಲಿಯನ್ ಕಾನ್ಸಲ್

ರಾಯಭಾರಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಯಾವುದು? ಜರತಾರಿಯ ನಿಲುವಂಗಿ, ಎದೆಯ ಮೇಲೆ ಪದಕಗಳ ಸಾಲು, ದೀಪಗಳು ಬೆಳಗುವ ಔತಣದ ಮನೆ, ಹದವರಿತ ನಗು. ಆಡುವ ಮಾತು ಒಂದು, ಅದರ ಒಳಗಿನ ಅರ್ಥ ಇನ್ನೊಂದು. ನಮ್ಮ ಪುರಾಣಗಳ ದೂತರಿಗೂ ಒಂದು ವೈಭವವುಂಟು. ಹನುಮಂತ ಲಂಕೆಗೆ ಹೋದದ್ದು, ಶ್ರೀಕೃಷ್ಣ ಕೌರವರ ಸಭೆಗೆ ಹೋದದ್ದು ನಮಗೆಲ್ಲ ಗೊತ್ತಿರುವ ಕತೆ. ದೂತನಾದವನು ತುಂಬಿದ ಸಭೆಯಲ್ಲಿ ಎದ್ದು ನಿಂತು ಮಾತನಾಡುತ್ತಾನೆ. ಸಭೆ ಕೇಳುತ್ತದೆ, ಒಪ್ಪಲಿ ಬಿಡಲಿ.

ಈಗ ನಾನು ನಿಮಗೆ ಪರಿಚಯ ಮಾಡಿಕೊಡುವ ಇಟಾಲಿಯನ್ ಅಧಿಕಾರಿಗೆ ಅಂಥ ಸಭೆ ಸಿಕ್ಕಲಿಲ್ಲ. ಆತ ರಾಯಭಾರಿಯಾಗಿರಲಿಲ್ಲ, ಕಾನ್ಸಲ್ ಆಗಿದ್ದ. ಎರಡಕ್ಕೂ ಬಹಳ ಅಂತರ. ರಾಯಭಾರಿ ಇರುವುದು ರಾಜಧಾನಿಯಲ್ಲಿ, ದೊರೆಯ ಎದುರಿನಲ್ಲಿ. ಕಾನ್ಸಲ್ ಇರುವುದು ಬಂದರಿನಲ್ಲಿ, ಸುಂಕದ ಕಟ್ಟೆಯ ಪಕ್ಕದಲ್ಲಿ. ಹಡಗಿನ ಸರಕಿನ ಕಾಗದಗಳಿಗೆ ಮೊಹರು ಹಾಕುವುದು, ರಹದಾರಿ ಕೊಡುವುದು, ತನ್ನ ದೇಶದ ನಾವಿಕ ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಸೇರಿಸುವುದು, ಸತ್ತರೆ ಮಣ್ಣು ಮಾಡಿಸಿ ಅವನ ಪೆಟ್ಟಿಗೆಯನ್ನು ಊರಿಗೆ ಕಳುಹಿಸುವುದು, ವ್ಯಾಪಾರ ಹೇಗಿದೆ ಎಂದು ಆಗಾಗ್ಗೆ ವರದಿ ಬರೆಯುವುದು: ಇವು ಅವನ ಕೆಲಸ. ಒಂದು ರೀತಿಯಲ್ಲಿ ಬಂದರಿನ ಶಿರಸ್ತೇದಾರಿಕೆ. ಆದರೆ ಅವನಿಗೆ ಒಂದು ಮನೆ ಇರುತ್ತದೆ, ಬಾಗಿಲ ಮೇಲೆ ತನ್ನ ದೇಶದ ಬಾವುಟ ಇರುತ್ತದೆ, ಬೀದಿಗೆ ತೆರೆದ ಕಿಟಕಿಗಳಿರುತ್ತವೆ.

ಈತನ ಹೆಸರು ಜಾಕೊಮೊ ಗೊರೀನಿ. ಹುಟ್ಟಿದ್ದು 1859ರಲ್ಲಿ, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಮೊಲೀನೊ ದೆಯಿ ತೋರ್ತಿ ಎಂಬ ಸಣ್ಣ ಊರಿನಲ್ಲಿ. ಇಟಲಿ ಒಂದು ರಾಜ್ಯವೆಂದು ಘೋಷಿತವಾದದ್ದು 1861ರಲ್ಲಿ. ಹಾಗೆ ನೋಡಿದರೆ ಈತ ತನ್ನ ದೇಶಕ್ಕಿಂತ ಎರಡು ವರ್ಷ ಹಿರಿಯ. ಓದಿದ್ದು ಇತಿಹಾಸ. 1886ರಲ್ಲಿ ವಿದೇಶಾಂಗ ಮಂತ್ರಾಲಯದ ದಫ್ತರಖಾನೆಯ ಮೇಲ್ವಿಚಾರಣೆ ಈತನ ಕೈಗೆ ಬಂತು. ಬಹುಕಾಲ ಅಲ್ಲಿಯೇ ಕಳೆಯಿತು. ಹೊಸದಾಗಿ ಒಂದಾದ ದೇಶದಲ್ಲಿ ಹಳೆಯ ರಾಜ್ಯಗಳ ಕಡತಗಳೂ ಹೊಸ ಸರ್ಕಾರದ ಕಡತಗಳೂ ಕೂಡಿದ್ದ ಕಾಲ. ಯಾವ ಒಪ್ಪಂದದ ಮೂಲ ಪ್ರತಿ ಯಾವುದು, ಯಾವ ಪತ್ರಕ್ಕೆ ಯಾವ ಉತ್ತರ ಬಂತು, ಯಾರು ಬರೆದದ್ದು ನಂಬತಕ್ಕದ್ದು, ಯಾರು ಬರೆದದ್ದು ಕೇಳಿದ ಸುದ್ದಿ ಮಾತ್ರ: ಇದನ್ನು ತೂಗಿ ನೋಡುವುದೇ ದಫ್ತರದವನ ದಿನದಿನದ ಕೆಲಸ. ಈ ಅಭ್ಯಾಸವನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಐವತ್ತು ದಾಟಿದ ಮೇಲೆ ಈತನನ್ನು ಹೊರನಾಡಿಗೆ ಕಳುಹಿಸಿದರು. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಆಟೋಮನ್ ತುರ್ಕಿಯ ಟ್ರೆಬಿಜಾಂಡಿಗೆ ಕಾನ್ಸಲ್ ಜನರಲ್ ಆಗಿ ನೇಮಕವಾಯಿತು.

ಟ್ರೆಬಿಜಾಂಡ್ ಕಪ್ಪು ಸಮುದ್ರದ ದಕ್ಷಿಣದ ದಡದಲ್ಲಿದೆ. ಈಗ ಅದನ್ನು ತ್ರಾಬ್‌ಜೋನ್ ಎನ್ನುತ್ತಾರೆ. ಮುಂದೆ ಸಮುದ್ರ, ಬೆನ್ನಿಗೆ ಆತುಕೊಂಡಂತೆ ಎತ್ತರದ ಬೆಟ್ಟಗಳು. ಆ ಬೆಟ್ಟಗಳ ಕಣಿವೆ ಹತ್ತಿ ಎರ್ಜುರುಮ್ ದಾಟಿ ಪರ್ಷಿಯಾದ ತಬ್ರೀಜ್‌ವರೆಗೆ ಹೋಗುವ ಹಳೆಯ ವ್ಯಾಪಾರದ ದಾರಿ. ಇಟಲಿಯವರಿಗೆ ಇದು ಹೊಸ ಊರಲ್ಲ. ಮಧ್ಯಯುಗದಲ್ಲಿ ಜಿನೋವಾ, ವೆನಿಸ್ ನಗರಗಳ ವರ್ತಕರು ಇಲ್ಲಿ ಕೋಠಿಗಳನ್ನು ಇಟ್ಟುಕೊಂಡಿದ್ದರು. ನಮ್ಮ ಮಲಬಾರ್ ತೀರವನ್ನೂ ವರ್ಣಿಸಿದ ಮಾರ್ಕೋ ಪೋಲೋ ಚೀನಾದಿಂದ ತನ್ನ ಊರಿಗೆ ಹಿಂದಿರುಗುವಾಗ, 1295ರ ಸುಮಾರಿಗೆ, ಈ ಬಂದರಿನ ಮೇಲೆಯೇ ಹೋದ.

ಊರಿನಲ್ಲಿ ತುರ್ಕರು, ಗ್ರೀಕರು, ಆರ್ಮೇನಿಯನ್ನರು ಒಟ್ಟಿಗೆ ಬಾಳುತ್ತಿದ್ದರು. ಆರ್ಮೇನಿಯನ್ನರೆಂದರೆ ಬಹು ಹಳೆಯ ಕ್ರೈಸ್ತ ಜನಾಂಗ. ತಮ್ಮದೇ ಭಾಷೆ, ತಮ್ಮದೇ ಲಿಪಿ. ವ್ಯಾಪಾರದಲ್ಲಿ ನಿಪುಣರು. ನಮ್ಮ ದೇಶಕ್ಕೂ ಬಂದವರೇ. ಮದರಾಸಿನಲ್ಲಿ ಆರ್ಮೇನಿಯನ್ ಬೀದಿ ಎಂಬ ಹೆಸರು ಇನ್ನೂ ಇದೆ. ಆ ಭಾಷೆಯ ಮೊಟ್ಟಮೊದಲ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು ಅವರ ನಾಡಿನಲ್ಲಲ್ಲ, 1794ರಲ್ಲಿ ಮದರಾಸಿನಲ್ಲಿ. ಟ್ರೆಬಿಜಾಂಡಿನಲ್ಲಿ ಸುಮಾರು ಹದಿನಾಲ್ಕು ಸಾವಿರ ಆರ್ಮೇನಿಯನ್ನರಿದ್ದರೆಂದು ಗೊರೀನಿಯ ಲೆಕ್ಕ. ವರ್ತಕರು, ವಕೀಲರು, ದರ್ಜಿಗಳು, ಬಡಗಿಗಳು, ಪಾದ್ರಿಗಳು. ಸರ್ಕಾರಕ್ಕೆ ಎಂದೂ ತೊಂದರೆ ಕೊಟ್ಟವರಲ್ಲ ಎಂದು ಆತ ಸ್ಪಷ್ಟವಾಗಿ ಹೇಳುತ್ತಾನೆ.

1914ರ ಕೊನೆಯಲ್ಲಿ ತುರ್ಕಿ ಜರ್ಮನಿಯ ಕಡೆ ಸೇರಿ ಯುದ್ಧಕ್ಕೆ ಇಳಿಯಿತು. ಆ ಚಳಿಗಾಲದಲ್ಲಿ ಸಾರಿಕಾಮಿಷ್ ಎಂಬಲ್ಲಿ ರಷ್ಯನ್ನರ ಕೈಯಲ್ಲಿ ಭಾರಿ ಸೋಲು. ಸೋತವರು ತಪ್ಪು ಹೊರಿಸಲು ಯಾರನ್ನಾದರೂ ಹುಡುಕುತ್ತಾರೆ. ಆಗ ತುರ್ಕಿಯನ್ನು ಆಳುತ್ತಿದ್ದುದು ‘ಐಕ್ಯ ಮತ್ತು ಪ್ರಗತಿ ಸಮಿತಿ’ ಎಂಬ ಪಕ್ಷ, ಗೃಹಮಂತ್ರಿ ತಲಾತ್. ಗಡಿಯ ಆರ್ಮೇನಿಯನ್ನರು ರಷ್ಯಾಕ್ಕೆ ಒಳಗಿಂದೊಳಗೆ ನೆರವಾಗುತ್ತಿದ್ದಾರೆಂಬ ಆರೋಪ ಇಡೀ ಜನಾಂಗದ ಮೇಲೆ ಬಂತು. 1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲಿನಲ್ಲಿ ಆರ್ಮೇನಿಯನ್ ಬರಹಗಾರರು, ಮುಖಂಡರು ಸೆರೆಯಾದರು. ಮೇ ತಿಂಗಳ ಕೊನೆಯಲ್ಲಿ ಗಡೀಪಾರಿನ ಕಾನೂನು ಹೊರಟಿತು.

ಇಟಲಿಯ ಕಾನ್ಸಲ್ ಇನ್ನೂ ಅಲ್ಲಿಯೇ ಇದ್ದುದು ಹೇಗೆ ಎಂದು ನೀವು ಕೇಳಬಹುದು. ಇಟಲಿಯ ನಡೆ ಆಗ ವಿಚಿತ್ರವಾಗಿತ್ತು. 1882ರಿಂದ ಜರ್ಮನಿ, ಆಸ್ಟ್ರಿಯಾಗಳ ಮಿತ್ರದೇಶ. ಯುದ್ಧ ಬಂದಾಗ ತಟಸ್ಥ. 1915ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಗುಟ್ಟಾದ ಒಪ್ಪಂದ. ಮೇ ತಿಂಗಳಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧ. ಆದರೆ ತುರ್ಕಿಯ ಮೇಲೆ ಯುದ್ಧ ಸಾರಿದ್ದು ಆಗಸ್ಟ್ ಮೂರನೆಯ ವಾರದಲ್ಲಿ. ಈ ನಡುವಣ ಮೂರು ತಿಂಗಳು ಟ್ರೆಬಿಜಾಂಡಿನ ಇಟಾಲಿಯನ್ ಕಾನ್ಸಲ್ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಬಾವುಟ ಬಾಗಿಲ ಮೇಲೆ ಇತ್ತು, ಅಷ್ಟೆ. ಇನ್ನೊಂದು ಮಾತು: 1911ರಲ್ಲಿ ಇಟಲಿ ತುರ್ಕಿಯ ಮೇಲೆ ಬಿದ್ದು ಲಿಬಿಯಾವನ್ನು ಕಿತ್ತುಕೊಂಡಿತ್ತು. ಆದ್ದರಿಂದ ಅವನ ಸರ್ಕಾರದ ಕೈಯೇನೂ ಶುದ್ಧವಾಗಿರಲಿಲ್ಲ. ತುರ್ಕಿಯ ಅಧಿಕಾರಿಗಳಿಗೆ ಆ ಬಾವುಟದ ಮೇಲೆ ಗೌರವವಿರಬೇಕಾದ ಕಾರಣವೂ ಇರಲಿಲ್ಲ.

ಅಧಿಕಾರವೂ ಇರಲಿಲ್ಲ. ಶತಮಾನಗಳಿಂದ ಆಟೋಮನ್ ರಾಜ್ಯದಲ್ಲಿ ಯೂರೋಪಿನ ಕಾನ್ಸಲ್‌ಗಳಿಗೆ ವಿಶೇಷ ಹಕ್ಕುಗಳಿದ್ದವು. ತಮ್ಮ ಪ್ರಜೆಗಳ ವ್ಯಾಜ್ಯವನ್ನು ತಾವೇ ತೀರ್ಮಾನಿಸುತ್ತಿದ್ದರು. ತುರ್ಕಿಯ ಸ್ವಾಭಿಮಾನಕ್ಕೆ ಇದು ಮುಳ್ಳಿನಂತಿತ್ತು. ಯಾರಿಗಾದರೂ ಹಾಗೆಯೇ ಅನ್ನಿಸೀತು. 1914ರ ಸೆಪ್ಟೆಂಬರಿನಲ್ಲಿ ಸರ್ಕಾರ ಆ ಹಕ್ಕುಗಳನ್ನೆಲ್ಲ ರದ್ದು ಮಾಡಿತು. ಹಾಗಾಗಿ 1915ರ ಜೂನ್ ತಿಂಗಳಲ್ಲಿ ಕಾನ್ಸಲ್ ಮಾಡಬಹುದಾಗಿದ್ದುದು ಎರಡೇ: ಗವರ್ನರನ ಬಳಿಗೆ ಹೋಗಿ ಬೇಡಿಕೊಳ್ಳುವುದು, ಕಿಟಕಿಯಲ್ಲಿ ನಿಂತು ನೋಡುವುದು.

ನಿರೂಪ ಹೊರಟದ್ದು ಜೂನ್ 24ರಂದು ಎಂದು ಗೊರೀನಿ ಹೇಳುತ್ತಾನೆ. ಅದೇ ಊರಿನಲ್ಲಿದ್ದ ಅಮೆರಿಕದ ಕಾನ್ಸಲ್ ಆಸ್ಕರ್ ಹೈಜರ್, ಬೀದಿಗಳಲ್ಲಿ ಅದನ್ನು ಅಂಟಿಸಿದ್ದು ಜೂನ್ 26, ಶನಿವಾರ ಎಂದು ಬರೆದಿದ್ದಾನೆ. ಎರಡು ದಿನದ ವ್ಯತ್ಯಾಸ. ಇಬ್ಬರೂ ಕೂಡಿ ಕಟ್ಟಿದ ಕತೆಯಾಗಿದ್ದರೆ ಮೊದಲು ತಾರೀಖನ್ನೇ ಸರಿಮಾಡಿಕೊಳ್ಳುತ್ತಿದ್ದರು! ಆರ್ಮೇನಿಯನ್ನರೆಲ್ಲ ಊರು ಬಿಡಬೇಕು. ಗಡುವು ಐದು ದಿನ. ಯುದ್ಧ ಮುಗಿಯುವವರೆಗೆ ಒಳನಾಡಿನಲ್ಲಿ ಇರಿಸಲಾಗುವುದು ಎಂಬುದು ಸರ್ಕಾರದ ಮಾತು.

ಜುಲೈ 1, ಗುರುವಾರ, ಬೀದಿಬೀದಿಯಲ್ಲಿ ಬಂದೂಕಿಗೆ ಸನೀನು ಸಿಕ್ಕಿಸಿಕೊಂಡ ಸಿಪಾಯಿಗಳು ನಿಂತರು. ಮನೆಗಳಿಂದ ಜನರನ್ನು ಹೊರಡಿಸಲಾಯಿತು. ಗಂಟುಮೂಟೆ ಬೆನ್ನಿಗೆ ಕಟ್ಟಿಕೊಂಡ ಗಂಡಸರು, ಹೆಂಗಸರು, ಮಕ್ಕಳು ನೂರು ನೂರು ಜನದ ಗುಂಪಾಗಿ ಬಿಸಿಲಿನಲ್ಲಿ, ಧೂಳಿನಲ್ಲಿ, ಗುಮುಷ್‌ಖಾನೆಯ ದಾರಿ ಹಿಡಿದರು. ಮೊದಲ ಮೂರು ದಿನಗಳಲ್ಲಿ ಆರು ಸಾವಿರ, ಆಮೇಲೆ ಊರಿನಿಂದಲೂ ಸುತ್ತುಮುತ್ತಲಿನಿಂದಲೂ ಇನ್ನು ನಾಲ್ಕು ಸಾವಿರ ಎಂದು ಹೈಜರನ ಎಣಿಕೆ. ಗಾಡಿ ಮಾಡಿಕೊಳ್ಳಲು ಅಪ್ಪಣೆಯಿದೆ ಎಂದು ಗವರ್ನರು ಹೇಳಿದ್ದ. ಒಬ್ಬ ಹಣವಂತ ವರ್ತಕ ತನಗೂ ಹೆಂಡತಿಗೂ ಹದಿನೈದು ಲೀರಾ ಕೊಟ್ಟು ಗಾಡಿ ಗೊತ್ತುಮಾಡಿಕೊಂಡ. ಊರಿನಿಂದ ಹತ್ತು ನಿಮಿಷದ ದಾರಿ ಹೋಗುವಷ್ಟರಲ್ಲಿ ಸಿಪಾಯಿಗಳು ಗಂಡಹೆಂಡಿರನ್ನು ಕೆಳಕ್ಕೆ ಇಳಿಸಿದರು. ಗಾಡಿ ಖಾಲಿಯಾಗಿ ಊರಿಗೆ ಹಿಂದಿರುಗಿತು.

ಇದಾದ ಮೇಲೆ ಮನೆಗಳ ಸರದಿ. ಸುಮಾರು ಸಾವಿರ ಮನೆಗಳ ಸಾಮಾನನ್ನು ಪೊಲೀಸರು ಒಂದಾದ ಮೇಲೊಂದರಂತೆ ಹೊರಗೆ ಸಾಗಿಸಿದರು.

ಊರಿನ ಕಾನ್ಸಲ್‌ಗಳೇನು ಮಾಡಿದರು? ಸುಮ್ಮನಂತೂ ಕೂರಲಿಲ್ಲ. ಅಮೆರಿಕದವನು, ಇಟಲಿಯವನು, ಜರ್ಮನಿಯ ಹೈನ್ರಿಖ್ ಬೆರ್ಗ್‌ಫೆಲ್ಡ್, ಆಸ್ಟ್ರಿಯಾ-ಹಂಗೆರಿಯ ಎರ್ನ್‌ಸ್ಟ್ ಫಾನ್ ಕ್ವಿಯಾಟ್‌ಕೋವ್‌ಸ್ಕಿ: ಇವರ ದೇಶಗಳಲ್ಲಿ ಕೆಲವು ಒಂದಕ್ಕೊಂದು ಗುಂಡು ಹಾರಿಸುತ್ತಿದ್ದವು. ಆದರೂ ಹೆಂಗಸರು ಮಕ್ಕಳನ್ನಾದರೂ ಬಿಡಿರೆಂದು ಗವರ್ನರ್ ಜಮಾಲ್ ಅಜ್ಮಿಯನ್ನು ಕೇಳಿಕೊಂಡರು. ಅನೇಕರಿಗೆ ವಿನಾಯಿತಿಯೂ ಸಿಕ್ಕಿತು. ಗ್ರೀಕ್ ಧರ್ಮಗುರು ಕ್ರಿಸಾಂಥೋಸ್ ಮುಂದೆ ನಿಂತು ತಬ್ಬಲಿ ಮಕ್ಕಳಿಗೊಂದು ಆಶ್ರಯದ ಏರ್ಪಾಡು ಮಾಡಿದ. ಇನ್ನೇನು ಕೆಲವು ಜೀವಗಳಾದರೂ ಉಳಿದಾವು ಎನ್ನುವಷ್ಟರಲ್ಲಿ ಪಕ್ಷದ ಸ್ಥಳೀಯ ಮುಖಂಡ ನಾಯಿಲ್ ಬೇ ಅಡ್ಡ ಬಂದ. ಆಶ್ರಯ ಮುಚ್ಚಿತು. ವಿನಾಯಿತಿಗಳು ಕಾಗದದಲ್ಲಿ ಉಳಿದವು. ರಾಜಧಾನಿಯಿಂದ ಹೊಸ ಆಜ್ಞೆ ಬಂತು ಎಂದು ಹೇಳಿದರು. ಬೇಲಿಯೇ ಎದ್ದು ಹೊಲವನ್ನು ಮೇಯುವಾಗ ದೂರು ಕೊಡುವುದು ಯಾರಿಗೆ?

ಮಕ್ಕಳ ಕತೆಯನ್ನು ಹೇಳಲು ನಾಲಿಗೆ ಏಳುವುದಿಲ್ಲ. ಹೇಳದೆ ಬಿಡುವ ಹಾಗೂ ಇಲ್ಲ. ಕೆಲವರನ್ನು ಕಿತ್ತುಕೊಂಡು ಬೇರೆ ಮನೆಗಳಿಗೆ ಹಂಚಿದರು. ಉಳಿದವರನ್ನು, ಹೆಂಗಸರನ್ನೂ ಸೇರಿಸಿ, ದೋಣಿಗಳಲ್ಲಿ ತುಂಬಿ ಸಾಮ್ಸುನ್ ಬಂದರಿಗೆಂದು ಹೊರಡಿಸಿದರು. ಹೋದ ಜನ ಯಾವ ಬಂದರಿಗೂ ಮುಟ್ಟಲಿಲ್ಲ. ಕಪ್ಪು ಸಮುದ್ರದಲ್ಲಿಯೂ ಊರ ಪಕ್ಕದ ದೆಗಿರ್ಮೆನ್‌ದೆರೆ ಹೊಳೆಯಲ್ಲಿಯೂ ಮಕ್ಕಳನ್ನು ಮುಳುಗಿಸಿದರೆಂದು ಗೊರೀನಿ ಸಾಕ್ಷಿ ನುಡಿದಿದ್ದಾನೆ.

ಆತನ ಮನೆಯ ಕಿಟಕಿಯ ಕೆಳಗೇ ಆ ಜನರ ಗುಂಪುಗಳು ಹಾದುಹೋದವು. ಬಾವುಟವನ್ನು ನೋಡಿ ಕೈಮುಗಿದು ಕೂಗಿಕೊಂಡವರಿದ್ದರು. ಬಾಗಿಲು ತೆರೆಯುವಂತಿಲ್ಲ, ಊರನ್ನು ಸುತ್ತುವರಿದು ಹದಿನೈದು ಸಾವಿರ ಸೈನಿಕರಿದ್ದರು. ಆ ಒಂದು ತಿಂಗಳು ತನಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ ಎಂದು ಆಮೇಲೆ ಹೇಳಿಕೊಂಡ. ಐವತ್ತೈದು ವರ್ಷದ ಮನುಷ್ಯ. ಹುಡುಗುತನದ ಉದ್ವೇಗದಲ್ಲಿ ಆಡಿದ ಮಾತೆನ್ನಲಾಗದು.

ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಗೊರೀನಿಯೇ ಅದನ್ನು ಮರೆಯಲಿಲ್ಲ. ಊರಿನ ಮುಸಲ್ಮಾನರಲ್ಲಿ ಬಹಳ ಮಂದಿಗೆ ಇದು ಸರಿಬರಲಿಲ್ಲ. ನೆರೆಹೊರೆಯವರನ್ನು ಮನೆಯೊಳಗೆ ಬಚ್ಚಿಟ್ಟವರಿದ್ದರು. ಆರ್ಮೇನಿಯನ್ನರಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ಎಂದು ಸಾರಿಸಬೇಕಾಯಿತೆಂದ ಮೇಲೆ ಕೊಡುವವರು ಇದ್ದರೆಂದೇ ಅಲ್ಲವೆ? ಬೇರೆಡೆಯಲ್ಲಿಯೂ ಕೊನ್ಯದ ಗವರ್ನರ್ ಜಲಾಲ್ ಬೇ ಇಂಥ ಆಜ್ಞೆಗಳಿಗೆ ಕೈಹಾಕದೆ ಅಧಿಕಾರವನ್ನೇ ಕಳೆದುಕೊಂಡ. ಒಂದು ಪಕ್ಷ, ಒಂದು ಸರ್ಕಾರ ಮಾಡಿದ್ದನ್ನು ಒಂದು ಮತದ ತಲೆಗೆ ಕಟ್ಟುವುದು ಸೋಮಾರಿ ಬುದ್ಧಿಯ ಕೆಲಸ.

ಜುಲೈ 23ರಂದು ಗೊರೀನಿ ಟ್ರೆಬಿಜಾಂಡನ್ನು ಬಿಟ್ಟ. ಹದಿನಾಲ್ಕು ಸಾವಿರದಲ್ಲಿ ಆಗ ಊರಿನಲ್ಲಿ ಉಳಿದಿದ್ದವರು ನೂರಕ್ಕೂ ಕಡಿಮೆ ಎಂದು ಆತನ ಹೇಳಿಕೆ.

ರೋಮಿಗೆ ಬಂದ ಸರ್ಕಾರಿ ಅಧಿಕಾರಿ ಮಾಡಬೇಕಾದದ್ದೇನು? ಮಂತ್ರಾಲಯಕ್ಕೆ ವರದಿ ಒಪ್ಪಿಸಿ ಬಾಯಿ ಮುಚ್ಚಿಕೊಳ್ಳುವುದು ವಾಡಿಕೆ. ಆ ವರದಿ ಎಲ್ಲಿಗೆ ಹೋಗುತ್ತದೆ ಎಂಬುದು ಈತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಕಡತಗಳ ನಡುವೆ ಅರ್ಧ ಆಯುಷ್ಯ ಕಳೆದವನು. ದಫ್ತರಖಾನೆಯ ಕಾಗದ ಐವತ್ತು ವರ್ಷದ ಮೇಲೆ ಇತಿಹಾಸಕಾರನಿಗೆ ಒದಗೀತು. ದಾರಿಯಲ್ಲಿ ಇನ್ನೂ ಬದುಕಿದ್ದವರಿಗೆ ಒದಗುವುದಿಲ್ಲ. ಗೊರೀನಿ ಪತ್ರಿಕೆಯವರೊಡನೆ ಮಾತನಾಡಿದ. 1915ರ ಆಗಸ್ಟ್ 25ರಂದು ರೋಮಿನ ‘ಇಲ್ ಮೆಸ್ಸಾಜೆರೊ’ ಪತ್ರಿಕೆಯಲ್ಲಿ ಆ ಸಂದರ್ಶನ ಅಚ್ಚಾಯಿತು. ತನಗೆ ತಿಳಿದಿರುವುದೆಲ್ಲ ತಿಳಿದರೆ ಇನ್ನೂ ತಟಸ್ಥವಾಗಿರುವ ಕ್ರೈಸ್ತ ರಾಷ್ಟ್ರಗಳು ಸುಮ್ಮನಿರಲಾರವು ಎಂಬುದು ಆತನ ನಂಬಿಕೆ. ಆ ನಂಬಿಕೆ ಫಲಿಸಲಿಲ್ಲ. ಸಂದರ್ಶನ ಮಾತ್ರ ದೇಶದೇಶಗಳಿಗೆ ಹೋಯಿತು. 1916ರಲ್ಲಿ ಇಂಗ್ಲೆಂಡಿನಲ್ಲಿ ಲಾರ್ಡ್ ಬ್ರೈಸ್ ಮತ್ತು ತರುಣ ಆರ್ನಲ್ಡ್ ಟಾಯ್ನ್‌ಬಿ ಈ ಘಟನೆಗಳ ಬಗ್ಗೆ ಸಂಕಲಿಸಿದ ದೊಡ್ಡ ಗ್ರಂಥದಲ್ಲಿ ಅದೂ ಸೇರಿತು. ಇತಿಹಾಸದ ಮಹಾಗ್ರಂಥ ಬರೆದು ನಮ್ಮಲ್ಲಿಯೂ ಹೆಸರಾದ ಟಾಯ್ನ್‌ಬಿಯೇ ಈತ.

ನಿಮ್ಮಲ್ಲಿ ಒಬ್ಬರಿಗಾದರೂ ಸಂಶಯ ಹುಟ್ಟಿರಬೇಕು. ಇಟಲಿ ತುರ್ಕಿಯ ಮೇಲೆ ಯುದ್ಧ ಸಾರಿದ್ದು ಆಗಸ್ಟ್ ಮೂರನೆಯ ವಾರ. ಸಂದರ್ಶನ ಬಂದದ್ದು ಅದಾದ ನಾಲ್ಕೈದು ದಿನಕ್ಕೆ. ಇದು ಶತ್ರುವಿನ ಮೇಲೆ ಕೆಸರೆರಚುವ ಪ್ರಚಾರವಲ್ಲವೆ? ಕೇಳಬೇಕಾದ ಪ್ರಶ್ನೆಯೇ. ಬ್ರಿಟಿಷ್ ಸರ್ಕಾರ ಆ ಗ್ರಂಥವನ್ನು ಹೊರತಂದದ್ದರಲ್ಲಿ ಯುದ್ಧದ ಲಾಭವೂ ಇತ್ತು. ಇದೇ ಬ್ರೈಸ್ 1915ರಲ್ಲಿ ಬೆಲ್ಜಿಯಂನಲ್ಲಿ ಜರ್ಮನರ ಅತ್ಯಾಚಾರಗಳ ಬಗ್ಗೆ ಹೊರಡಿಸಿದ ವರದಿಯ ಕೆಲವು ಭಾಗಗಳನ್ನು ಯುದ್ಧ ಮುಗಿದ ಮೇಲೆ ಜನ ನಂಬಲಿಲ್ಲ.

ದಫ್ತರದವನ ತಕ್ಕಡಿಯನ್ನೇ ತರೋಣ. ಗೊರೀನಿಯನ್ನು ಪಕ್ಕಕ್ಕಿಡಿ. ಹೈಜರ್ ತಟಸ್ಥ ದೇಶದವನು. ಆತ ಬರೆದದ್ದು ಪತ್ರಿಕೆಗಲ್ಲ, ಕಾನ್‌ಸ್ಟಾಂಟಿನೋಪಲಿನ ತನ್ನ ರಾಯಭಾರಿ ಮಾರ್ಗೆಂಥೋಗೆ. ಆತನನ್ನೂ ಬೇಕಾದರೆ ಬಿಡಿ. ಬೆರ್ಗ್‌ಫೆಲ್ಡ್, ಕ್ವಿಯಾಟ್‌ಕೋವ್‌ಸ್ಕಿ ಇಬ್ಬರೂ ತುರ್ಕಿಯ ಮಿತ್ರದೇಶದವರು. ತುರ್ಕಿಗೆ ಕೆಟ್ಟ ಹೆಸರು ಬಂದರೆ ಅವರ ಸರ್ಕಾರಗಳಿಗೇ ಮುಜುಗರ. ಹೀಗಿದ್ದೂ ಅವರು ಗುಟ್ಟಾಗಿ ಕಳುಹಿಸಿದ ವರದಿಗಳು ಹೇಳುವುದು ಇದನ್ನೇ: ಇದು ಸ್ಥಳಾಂತರವಲ್ಲ, ನಾಶ. ಅಂಥ ಜರ್ಮನ್ ಕಾಗದಗಳ ಒಂದು ಸಂಪುಟವನ್ನು ಯೊಹಾನೆಸ್ ಲೆಪ್ಸಿಯಸ್ 1919ರಲ್ಲಿ ಪ್ರಕಟಿಸಿದ. ಅದೇ ವರ್ಷ ಕಾನ್‌ಸ್ಟಾಂಟಿನೋಪಲಿನಲ್ಲಿ, ಯುದ್ಧದಲ್ಲಿ ಸೋತಿದ್ದ ತುರ್ಕಿಯ ಸೈನಿಕ ನ್ಯಾಯಾಲಯವೇ ಟ್ರೆಬಿಜಾಂಡಿನ ಮೊಕದ್ದಮೆಯನ್ನು ವಿಚಾರಣೆ ಮಾಡಿತು. ಹೆಂಗಸರನ್ನೂ ಮಕ್ಕಳನ್ನೂ ದೋಣಿಗೆ ಹತ್ತಿಸಿ ಮುಳುಗಿಸಿದ್ದು ಆ ತೀರ್ಪಿನಲ್ಲಿಯೇ ಇದೆ. ಜಮಾಲ್ ಅಜ್ಮಿಗೂ ನಾಯಿಲ್ ಬೇಗೂ ಮರಣದಂಡನೆಯಾಯಿತು. ಆದರೆ ಇಬ್ಬರೂ ತಲೆಮರೆಸಿಕೊಂಡಿದ್ದರು. 1922ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಬೀದಿಯಲ್ಲಿ ಅಜ್ಮಿಯನ್ನು ಆರ್ಮೇನಿಯನ್ ತರುಣರು ಗುಂಡಿಟ್ಟು ಕೊಂದರು. ನ್ಯಾಯಾಲಯದ ಕೈಯಲ್ಲಿ ಆಗದ್ದು ಹೀಗೆ ಆಗಬೇಕಾಗಿರಲಿಲ್ಲ.

ತುರ್ಕಿಯ ಸರ್ಕಾರ ಈ ಘಟನೆಗಳಿಗೆ ಜನಾಂಗಹತ್ಯೆ ಎಂಬ ಹೆಸರನ್ನು ಇಂದಿಗೂ ಒಪ್ಪಿಲ್ಲ. ಯುದ್ಧಕಾಲದ ಸಂಕಟ, ಎರಡು ಕಡೆಯಲ್ಲಿಯೂ ಸತ್ತರು ಎಂಬುದು ಅದರ ವಾದ. ಯುದ್ಧದಲ್ಲಿ ಎಲ್ಲ ಕಡೆಯೂ ಸತ್ತದ್ದು ನಿಜ. ಆದರೆ ಟ್ರೆಬಿಜಾಂಡಿನಲ್ಲಿ ಆ ಜೂನ್, ಜುಲೈ ತಿಂಗಳುಗಳಲ್ಲಿ ಕದನವೇ ನಡೆದಿರಲಿಲ್ಲ; ರಷ್ಯನ್ನರು ಆ ಊರಿಗೆ ಕಾಲಿಟ್ಟದ್ದು 1916ರ ಏಪ್ರಿಲ್‌ನಲ್ಲಿ.

ಗೊರೀನಿಯ ಮುಂದಿನ ಬದುಕನ್ನು ಬೇಗ ಹೇಳಿಬಿಡಬಹುದು. ಯುದ್ಧ ಮುಗಿದ ಮೇಲೂ ಆರ್ಮೇನಿಯನ್ನರ ಪರವಾಗಿ ಮಾತನಾಡುತ್ತ ಬಂದ. 1920ರ ಸೆವ್ರ್ ಒಪ್ಪಂದ ಆರ್ಮೇನಿಯಾಕ್ಕೆ ಒಂದು ಸ್ವತಂತ್ರ ರಾಜ್ಯವನ್ನು ಕೊಟ್ಟಿತು. ಗಡಿ ಗುರುತಿಸುವ ಹೊಣೆ ಅಮೆರಿಕದ ಅಧ್ಯಕ್ಷ ವಿಲ್ಸನ್ನನದು. ಆತ ಎಳೆದ ಗೆರೆಯ ಒಳಗೆ ಟ್ರೆಬಿಜಾಂಡ್ ಬಂದರೂ ಇತ್ತು. ಆರ್ಮೇನಿಯನ್ನರಿಲ್ಲದ ಆರ್ಮೇನಿಯನ್ ಬಂದರು! ಆ ಗೆರೆ ನೆಲದ ಮೇಲೆ ಎಂದೂ ಇಳಿಯಲಿಲ್ಲ. 1923ರ ಲೊಸಾನ್ ಒಪ್ಪಂದದಲ್ಲಿ ಆರ್ಮೇನಿಯಾದ ಹೆಸರೂ ಇರಲಿಲ್ಲ.

ತಾನು ಕಂಡದ್ದಕ್ಕೆ ಕಾನೂನಿನಲ್ಲಿ ಒಂದು ಹೆಸರು ಬಂದುದನ್ನು ನೋಡುವಷ್ಟು ಕಾಲ ಗೊರೀನಿ ಬದುಕಿದ್ದ. ಪೋಲೆಂಡಿನ ಯೆಹೂದಿ ವಕೀಲ ರಾಫೇಲ್ ಲೆಮ್‌ಕಿನ್ ‘ಜೆನೊಸೈಡ್’ ಎಂಬ ಪದವನ್ನು 1944ರಲ್ಲಿ ಅಚ್ಚಿಗೆ ತಂದ. ಆರ್ಮೇನಿಯನ್ನರಿಗೆ ಆದದ್ದೂ ಆತನ ಮನಸ್ಸಿನಲ್ಲಿತ್ತು. 1948ರ ಡಿಸೆಂಬರ್‌ನಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆ ಅದನ್ನು ಅಪರಾಧವೆಂದು ಒಪ್ಪಂದ ಮಾಡಿತು. 1950ರಲ್ಲಿ ಗೊರೀನಿ ತೀರಿಕೊಂಡ. ವಯಸ್ಸು ತೊಂಬತ್ತರ ಮೇಲೆ ನಡೆಯುತ್ತಿತ್ತು.

ಆರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿ ಒಂದು ಗುಡ್ಡದ ಮೇಲೆ, 1967ರಲ್ಲಿ, ಸತ್ತವರ ಸ್ಮಾರಕವನ್ನು ಕಟ್ಟಿದರು. ಅಲ್ಲಿಯ ನೆನಪಿನ ಗೋಡೆಯಲ್ಲಿ, ಹೊರನಾಡಿನವರಾಗಿದ್ದೂ ಆರ್ಮೇನಿಯನ್ನರ ಪರ ಸಾಕ್ಷಿ ನುಡಿದವರ ಗೋರಿಗಳಿಂದ ಒಂದೊಂದು ಹಿಡಿ ಮಣ್ಣು ತಂದು ಇರಿಸುತ್ತಾರೆ. ಅಲ್ಲಿರುವ ಹೆಸರುಗಳಲ್ಲಿ ಟ್ರೆಬಿಜಾಂಡಿನ ಈ ಕಾನ್ಸಲನದೂ ಒಂದು.